ಗಾಡಿಗೆ ಹೆಣ್ಣು ಗಂಡು ತಿಳಿಯದು

ಬಿಟ್ಟರೂ ಆಕ್ಸಿಲರೇಟರ್ ಹಿಂದೆ ಬಾರದಿದ್ದರೆ ಅದು "ಹೆಂಗಸರ ಕೈ ಪಳಗದ" ದೋಷವಂತೆ! ಗ್ಯಾರೇಜುಗಳ ಈ ಮಾತು ಕೇಳಿ ನನಗೆ ಸಾಕಾಗಿದೆ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಟೂ-ಸ್ಟ್ರೋಕ್ ಯೆಜ್ಡಿ ನನ್ನದು. ಅದಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ.

ಇಂಜಿನ್ ಆರಿಸಿ, ಕಾರ್ಬ್ಯುರೇಟರಿನ ಕಡೆ ಕೇಬಲ್ ಬಿಚ್ಚಿ, ಹಿಡಿ ತಿರುಗಿಸಿ ನೋಡಿ. ಆಗಲೂ ಬಿಗಿಯೇ? ತೊಂದರೆ ಹಿಡಿಯಲ್ಲಿದೆ, ಇಲ್ಲವೇ ತುಕ್ಕು ಹಿಡಿದೋ ಎಳೆ ಬಿಟ್ಟೋ ಕೆಟ್ಟ ಕೇಬಲ್ಲಿನಲ್ಲಿದೆ. ಸಲೀಸಾಗಿ ತಿರುಗಿತೇ? ಕಾರ್ಬ್ಯುರೇಟರಿನೊಳಗಿನ ಸ್ಲೈಡಿಗೆ ಕೊಳೆ ಕಟ್ಟಿರಬಹುದು, ಸ್ಪ್ರಿಂಗ್ ಸೋತಿರಬಹುದು. ಇದಕ್ಕೆ ಸ್ಪ್ಯಾನರು, ಸ್ಕ್ರೂಡ್ರೈವರು ಸಾಕು, ಮೀಸೆ ಬೇಕಿಲ್ಲ.

ಓಡುವಾಗಲೇ ಸಿಕ್ಕಿಕೊಂಡರೆ ಕ್ಲಚ್ ಹಿಡಿದು ಇಗ್ನಿಷನ್ ಆರಿಸಬೇಕು. ಆ ಗಳಿಗೆಯಲ್ಲಿ "ಯಜಮಾನರನ್ನು ಕಳಿಸಿ" ಎನ್ನುವ ಮೆಕ್ಯಾನಿಕ್ ನಮ್ಮ ಪಕ್ಕದಲ್ಲಿರುವುದಿಲ್ಲ. ಗಾಡಿಯ ಮೇಲೆ ಕೂತ ಜೀವ ನಮ್ಮದು; ಅದರ ಕಾಯಿಲೆಯನ್ನೂ ನಾವೇ ತಿಳಿದಿರಬೇಕು.