ವಾಪಸ್ ಹೋದವರ ಲೆಕ್ಕ ಯಾರ ಹತ್ತಿರ ಇದೆ?

ಮೊನ್ನೆ ಗುಬ್ಬಿ ಕಡೆಯ ಹಳ್ಳಿಯಿಂದ ಒಬ್ಬ ತಾತ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು ಎಪ್ಪತ್ತರ ಮೇಲೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಸ್ಟೂಲಿನ ಮೇಲೆ ಕೂತವರೇ ಅಂಗಿಯೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು.

"ಏನ್ ತೊಂದ್ರೆ ತಾತ?" ಅಂದೆ.

"ಎಲ್ಲಾ ಐತೆ ಸಾ. ಆಧಾರು, ರೇಷನ್ ಕಾರ್ಡು, ಎರಡೆರಡು ಜೆರಾಕ್ಸು. ಫೋಟೋನೂ ಐತೆ."

ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ನಾನು ಕೇಳಿದ್ದು ಅವರ ಎದೆಯ ಬಗ್ಗೆ, ಅವರು ಉತ್ತರ ಕೊಟ್ಟಿದ್ದು ಕಾರ್ಡಿನ ಬಗ್ಗೆ. ಆಸ್ಪತ್ರೆಗಳ ಬಾಗಿಲಲ್ಲಿ ಇಷ್ಟು ವರ್ಷ ಅವರಿಗೆ ಎದುರಾದ ಮೊದಲ ಪ್ರಶ್ನೆ ಯಾವುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ?

ಅವತ್ತಿಂದ ತಲೆ ಕೊರೀತಾ ಇದೆ. ಬರೆದುಬಿಡೋಣ ಅಂತ ಕೂತೆ.

2022ರ ನವೆಂಬರ್‌ನಲ್ಲಿ ನಮ್ಮ ತುಮಕೂರಿನಲ್ಲಿ ನಡೆದದ್ದು ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ಭಾರತಿನಗರದ ಬಾಡಿಗೆ ಮನೆಯಲ್ಲಿದ್ದ ತಮಿಳುನಾಡು ಮೂಲದ ತುಂಬು ಗರ್ಭಿಣಿ. ಮನೆಯಲ್ಲಿ ಅವಳು ಮತ್ತು ಅವಳ ಪುಟ್ಟ ಮಗಳು, ಅಷ್ಟೇ. ಹೊಟ್ಟೆನೋವು ಶುರುವಾದಾಗ ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೋ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಅಲ್ಲಿ ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ಸೇರಿಸಿಕೊಳ್ಳಲಿಲ್ಲ, ಬೆಂಗಳೂರಿಗೆ ಹೋಗಿ ಅಂದರು ಎಂದು ಪತ್ರಿಕೆಗಳೆಲ್ಲ ಬರೆದವು. ಆಟೋಗೇ ಚಂದಾ ಎತ್ತಿದವರು ಎಪ್ಪತ್ತು ಕಿಲೋಮೀಟರ್ ಹೇಗೆ ಹೋಗಬೇಕು ಸ್ವಾಮಿ? ಅವಳು ಮನೆಗೆ ವಾಪಸ್ ಬಂದಳು. ಮಾರನೇ ದಿನ ಮನೆಯಲ್ಲೇ ಹೆರಿಗೆ. ಅವಳಿ ಗಂಡುಮಕ್ಕಳು. ತಾಯಿಯೂ ಹೋದಳು, ಎರಡೂ ಕೂಸುಗಳೂ ಹೋದವು. ಉಳಿದದ್ದು ಆ ಪುಟ್ಟ ಹುಡುಗಿ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಟೀವಿಯವರು ಬಂದರು, ಆರೋಗ್ಯ ಮಂತ್ರಿಗಳು ಬಂದರು. ಕರ್ತವ್ಯದಲ್ಲಿದ್ದ ಒಬ್ಬ ವೈದ್ಯೆ, ಮೂವರು ನರ್ಸುಗಳು ಸಸ್ಪೆಂಡ್. ತುರ್ತು ಚಿಕಿತ್ಸೆಗೆ ದಾಖಲೆ ಕೇಳಿ ವಾಪಸ್ ಕಳಿಸಬಾರದು ಅಂತ ಸರ್ಕಾರದ ಆದೇಶ. ಹದಿನೈದು ದಿನದಲ್ಲಿ ಊರು ಬೇರೆ ಸುದ್ದಿ ನೋಡತೊಡಗಿತು.

ಆದೇಶ ಹೊಸದಾ? ಅಲ್ಲವೇ ಅಲ್ಲ! 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿಯಾಗಿದೆ. ಅಪಘಾತವಾದ ಸ್ಕೂಟರ್ ಸವಾರನನ್ನು ದಾರಿಹೋಕನೊಬ್ಬ ಹತ್ತಿರದ ಆಸ್ಪತ್ರೆಗೆ ಹೊತ್ತೊಯ್ದರೆ, ಇದು ಪೊಲೀಸ್ ಕೇಸು, ಇಲ್ಲಿ ಆಗಲ್ಲ, ಇಪ್ಪತ್ತು ಕಿಲೋಮೀಟರ್ ಆಚೆಯ ಇನ್ನೊಂದು ಆಸ್ಪತ್ರೆಗೆ ಹೋಗಿ ಅಂದರಂತೆ. ದಾರಿಯಲ್ಲೇ ಪ್ರಾಣ ಹೋಯಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಜೀವ ಉಳಿಸುವುದು ಪ್ರತಿ ವೈದ್ಯನ ಕರ್ತವ್ಯ, ಕಾನೂನಿನ ವಿಧಿವಿಧಾನಗಳೆಲ್ಲ ಆಮೇಲೆ ಅಂತ ಕೋರ್ಟು ಹೇಳಿತು. ಗುಬ್ಬಿಯಿಂದ ತುಮಕೂರಿಗೂ ಹೆಚ್ಚುಕಮ್ಮಿ ಅದೇ ಇಪ್ಪತ್ತು ಕಿಲೋಮೀಟರ್. ಮೂವತ್ತಮೂರು ವರ್ಷದ ನಂತರ ಮತ್ತದೇ ಮಾತನ್ನು ಆದೇಶ ಮಾಡಿ ಹೇಳಬೇಕಾಯಿತು ಅಂದರೆ ರೋಗ ಎಲ್ಲೋ ಬೇರೆ ಕಡೆ ಇದೆ.

ಆ ರೋಗ ನನಗೆ ಗೊತ್ತು. ಯಾಕಂದರೆ ನನಗೂ ಬಂದಿತ್ತು.

ಬಹಳ ವರ್ಷಗಳ ಹಿಂದೆ ನಾನು ಕಾಂಟ್ರಾಕ್ಟ್ ಮೇಲೆ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. (ಯಾವುದು ಅನ್ನೋದು ಬೇಡ ಬಿಡಿ.) ರಾತ್ರಿ ಡ್ಯೂಟಿ. ಒಬ್ಬ ಹೆಂಗಸು ಹೆರಿಗೆ ನೋವಲ್ಲಿ ಬಂದಳು, ಜೊತೆಗೆ ಅವಳ ಅತ್ತೆ. ಕೆಲಸ ಹುಡುಕಿಕೊಂಡು ಬೇರೆ ಜಿಲ್ಲೆಯಿಂದ ಬಂದವರು. ಕಾರ್ಡ್ ಇಲ್ಲ, ಸ್ಕ್ಯಾನಿಂಗ್ ಇಲ್ಲ, ರಕ್ತದ ಗುಂಪು ಗೊತ್ತಿಲ್ಲ. ಬಿಪಿ ನೋಡಿದೆ, ಜಾಸ್ತಿ ಇತ್ತು. ಅರಿವಳಿಕೆ ತಜ್ಞರು ಇಲ್ಲ, ಆಸ್ಪತ್ರೆಯಲ್ಲಿ ರಕ್ತ ಇಲ್ಲ. ಆಗ ನನ್ನ ತಲೆಯಲ್ಲಿ ಬಂದ ಮೊದಲ ಯೋಚನೆ ಅವಳದ್ದಲ್ಲ, ನನ್ನದು. ಇವಳಿಗೆ ಇಲ್ಲೇನಾದರೂ ಆದರೆ ನಾಳೆ ವಿಚಾರಣೆ ನನ್ನ ಮೇಲೆ, ಜನ ಸೇರಿದರೆ ಏಟು ನನಗೆ! ಒಂದು ಚೀಟಿಯಲ್ಲಿ "ಮೇಲ್ಮಟ್ಟದ ಆಸ್ಪತ್ರೆಗೆ ಕಳಿಸಲಾಗಿದೆ" ಅಂತ ಬರೆದು ಕೊಟ್ಟೆ. ಎರಡು ನಿಮಿಷದ ಕೆಲಸ. ಅವರು ಬಂದಿದ್ದ ಲಗೇಜ್ ಆಟೋದಲ್ಲೇ ಹೊರಟರು. ಆಂಬುಲೆನ್ಸಿಗೆ ನಾನು ಫೋನ್ ಮಾಡಲಿಲ್ಲ. ಬಿಪಿಗೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ.

ಅವಳು ತಲುಪಿದಳಾ? ಹೆತ್ತಳಾ? ಬದುಕಿದಳಾ? ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಹೆಸರನ್ನೂ ಯಾವ ರಿಜಿಸ್ಟರಿನಲ್ಲೂ ಬರೆಯಲಿಲ್ಲ.

ನನ್ನ ವಾದವೆಲ್ಲ ಇಷ್ಟೇ. ಆಸ್ಪತ್ರೆಯೊಳಗೆ ಸತ್ತವರ ಲೆಕ್ಕ ಇಡುತ್ತೇವೆ. ತಾಯಿ ಸತ್ತರೆ ಆಡಿಟ್ ನಡೆಯುತ್ತದೆ, ನೋಟೀಸು ಬರುತ್ತದೆ. ಒಳ್ಳೆಯದೇ. ಆದರೆ ಬಾಗಿಲಿಂದಲೇ ವಾಪಸ್ ಹೋದವರ ಲೆಕ್ಕ? ಅದು ಯಾರ ಹತ್ತಿರವೂ ಇಲ್ಲ. ಸೇರಿಸಿಕೊಂಡ ಡಾಕ್ಟರು ಉತ್ತರ ಕೊಡಬೇಕು, ಸಾಗಹಾಕಿದ ಡಾಕ್ಟರು ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು. ಹೀಗಿರುವಾಗ ಯಾವ ಆದೇಶ ಹೊರಡಿಸಿದರೂ ಬಾಗಿಲಲ್ಲಿ ಏನು ನಡೆಯುತ್ತದೆ ಅಂತ ನೀವೇ ಊಹಿಸಿ.

ತಾಯಿ ಕಾರ್ಡ್ ಕೆಲಸಕ್ಕೆ ಬಾರದ ಕಾಗದ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಹಿಂದಿನ ಹೆರಿಗೆಗಳ ವಿವರ ಇರುತ್ತದೆ. ನಮಗೆ ಬೇಕು. ಆದರೆ ಕಾರ್ಡ್ ಇಲ್ಲದ ಬಸುರಿ ಅಂದರೆ ಬಹುಶಃ ಒಂಬತ್ತು ತಿಂಗಳೂ ಯಾರೂ ಪರೀಕ್ಷೆ ಮಾಡದವಳು. ಅಂಥವಳಿಗೆ ಅಪಾಯ ಜಾಸ್ತಿ, ಅವಳನ್ನೇ ಮೊದಲು ಒಳಗೆ ಕರೆಯಬೇಕು. ನಾವು ಅದನ್ನು ತಿರುಗುಮುರುಗು ಮಾಡಿಬಿಟ್ಟಿದ್ದೇವೆ.

ಇನ್ನು ಕಾರ್ಡ್ ಇಲ್ಲದಿದ್ದರೂ ಒಂದು ಫೋನ್ ಇದ್ದರೆ ಸಾಕು! "ಇವರು ನಮ್ಮೋರು, ಸ್ವಲ್ಪ ನೋಡಿ ಡಾಕ್ಟ್ರೇ" ಅಂತ ಆ ಕಡೆಯಿಂದ ಒಂದು ದನಿ ಬಂದರೆ ಇಲ್ಲದ ಬೆಡ್ಡೂ ಹುಟ್ಟಿಕೊಳ್ಳುತ್ತದೆ. ನಮ್ಮ ಜನಪ್ರತಿನಿಧಿಗಳು ಇದನ್ನೇ ಜನಸೇವೆ ಅಂದುಕೊಂಡಿದ್ದಾರೆ. ಹತ್ತು ಜನಕ್ಕೆ ಫೋನ್ ಮಾಡಿ ಬೆಡ್ ಕೊಡಿಸುವ ಬದಲು ಫೋನ್ ಇಲ್ಲದೆಯೂ ಬೆಡ್ ಸಿಗುವ ಹಾಗೆ ಮಾಡಿ ಅಂದರೆ, ಅದರಲ್ಲಿ ಓಟು ಎಲ್ಲಿದೆ?

ನಮ್ಮ ಖಾಸಗಿಯವರನ್ನೂ ಬಿಡುವುದಿಲ್ಲ. 2017ರ ನವೆಂಬರ್ ನೆನಪಿರಬಹುದು. ಕೆಪಿಎಂಇ ಕಾಯ್ದೆಯ ತಿದ್ದುಪಡಿ ವಿರೋಧಿಸಿ ರಾಜ್ಯದ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗ ಮುಚ್ಚಿದವು. ನಾನೂ ಕ್ಲಿನಿಕ್ ಮುಚ್ಚಿದ್ದೆ. ಸರ್ಕಾರಿ ಆಸ್ಪತ್ರೆಗಳನ್ನೂ ಅದೇ ಕಾಯ್ದೆಯೊಳಗೆ ತನ್ನಿ ಅನ್ನುವುದು ನಮ್ಮ ಬೇಡಿಕೆಗಳಲ್ಲೊಂದು. ಅದರಲ್ಲಿ ನ್ಯಾಯ ಇತ್ತು ಅಂತ ಈಗಲೂ ಹೇಳುತ್ತೇನೆ. ಆದರೆ ಅಷ್ಟು ಒಗ್ಗಟ್ಟಾಗಿ ಬಾಗಿಲು ಹಾಕಿದ ನಾವು, ಐದು ವರ್ಷದ ಮೇಲೆ ನಮ್ಮೂರಲ್ಲೇ ಮೂರು ಜೀವ ಹೋದಾಗ ಒಂದು ದಿನವಾದರೂ ಬೀದಿಗೆ ಬಂದೆವಾ? ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಬರಲಿಲ್ಲ. ಪೇಪರ್ ಓದಿ "ಛೇ" ಅಂದು ಕಾಫಿ ಕುಡಿದೆ.

ಇದೆಲ್ಲ ಬದಲಾಗುವುದೇ ಇಲ್ಲ ಅನ್ನುವವರಿಗೆ ಎರಡು ಮಾತು.

ಒಂದು, ಎದೆನೋವಿನ ವಿಷಯದಲ್ಲಿ ಬದಲಾಗಿದೆ. 2023ರಲ್ಲಿ ಘೋಷಣೆಯಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುವುದು, ದೂರದ ತಜ್ಞರಿಗೆ ಅದನ್ನು ತೋರಿಸುವುದು, ಹಾರ್ಟ್ ಅಟ್ಯಾಕ್ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುವುದು. ಅಂದರೆ ಮೊದಲು ಚಿಕಿತ್ಸೆ, ನಂತರ ರೆಫರ್. ಹೃದಯಕ್ಕೆ ಆಗುವುದು ಹೆರಿಗೆಗೆ ಯಾಕೆ ಆಗಬಾರದು?

ಎರಡು, ಇದೇ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಪಂಕ್ತಿಗೆ ಕೂತವನನ್ನು ಯಾರು ನೀನು, ಯಾವ ಜಾತಿ, ಯಾವ ಕಾರ್ಡು ಅಂತ ಯಾರೂ ಕೇಳುವುದಿಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಲಕ್ಷಗಟ್ಟಲೆ ಜನ ಬಂದು ಕಣ್ಣೀರು ಹಾಕಿದರು, ನಾವು ಡಾಕ್ಟರುಗಳೂ ಹಾಕಿದೆವು. ಅನ್ನ ಹಾಕಲು ಕಾರ್ಡ್ ಕೇಳದ ಊರಿನಲ್ಲಿ ಹೆರಿಗೆ ಮಾಡಿಸಲು ಕಾರ್ಡ್ ಕೇಳಿದೆವಲ್ಲ, ಆ ಕಣ್ಣೀರಿಗೆ ಏನು ಬೆಲೆ?

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಒಂದು ರಿಜಿಸ್ಟರ್ ಇರಲಿ. ಸೇರಿಸಿಕೊಳ್ಳದೆ ಕಳಿಸಿದ ಪ್ರತಿಯೊಬ್ಬರ ಹೆಸರು, ಹೊತ್ತು, ಕಾರಣ, ಯಾವ ವಾಹನದಲ್ಲಿ ಕಳಿಸಿದಿರಿ, ಆ ಕಡೆ ಯಾರ ಜೊತೆ ಫೋನಿನಲ್ಲಿ ಮಾತಾಡಿದಿರಿ, ಅವರು ತಲುಪಿದರಾ. ಕೆಳಗೆ ಡಾಕ್ಟರ ಸಹಿ. ಕುಣಿಗಲ್‌ನಂಥ ಊರಲ್ಲಂತೂ ಇದು ಬೇಕೇ ಬೇಕು. ಅಲ್ಲಿಂದ ಕಳಿಸಿದ ರೋಗಿ ತುಮಕೂರಿಗೆ ಹೋಗಬಹುದು, ಬೆಳ್ಳೂರು ಕಡೆಗೆ ಹೋಗಬಹುದು, ಬೆಂಗಳೂರಿಗೂ ಹೋಗಬಹುದು. ಮೂರು ದಿಕ್ಕಿನಲ್ಲಿ ಯಾವುದಕ್ಕೆ ಹೋದ, ತಲುಪಿದನೋ ಇಲ್ಲವೋ ಅಂತ ಕಳಿಸಿದವರಿಗೆ ತಿಳಿಯುವುದು ಹೇಗೆ? ತಿಂಗಳಿಗೊಮ್ಮೆ ಆ ರಿಜಿಸ್ಟರನ್ನು ಮೇಲಿನವರು ನೋಡಲಿ. ಅರಿವಳಿಕೆ ತಜ್ಞರಿಲ್ಲ ಅಂತ ಇಪ್ಪತ್ತು ಜನರನ್ನು ಕಳಿಸಿದ್ದು ಬರಹದಲ್ಲಿ ಕಂಡರೆ, ಆಗ ಉತ್ತರ ಕೊಡಬೇಕಾದ್ದು ರಾತ್ರಿ ಡ್ಯೂಟಿಯ ನರ್ಸ್ ಅಲ್ಲ, ಹುದ್ದೆ ತುಂಬದೆ ಕೂತವರು. ನರ್ಸನ್ನು ಸಸ್ಪೆಂಡ್ ಮಾಡುವುದು ಸುಲಭ, ಖಾಲಿ ಕುರ್ಚಿಯನ್ನು ಸಸ್ಪೆಂಡ್ ಮಾಡಲಾದೀತೇ?

ಡಾಕ್ಟರ ಮೇಲೆ ಇನ್ನೊಂದು ಹೊರೆ ಅಂತ ನನ್ನ ಮಿತ್ರರೇ ಬೈಯಬಹುದು. ಬೈಯಲಿ. ಅವತ್ತು ರಾತ್ರಿ ಅಂಥದ್ದೊಂದು ರಿಜಿಸ್ಟರ್ ನನ್ನ ಮುಂದಿದ್ದು, ಅದರಲ್ಲಿ ಅವಳ ಹೆಸರು ಬರೆದು ಸಹಿ ಹಾಕಬೇಕಾಗಿ ಬಂದಿದ್ದರೆ, ಕಡೇಪಕ್ಷ ಆ ಒಂದು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದೆ.

ಅಂದ ಹಾಗೆ, ಗುಬ್ಬಿಯ ತಾತನಿಗೆ ಹೃದಯದ ತೊಂದರೆ, ಕಾಲಲ್ಲಿ ನೀರು ತುಂಬಿತ್ತು. ಔಷಧಿ ಶುರು ಮಾಡಿದ್ದೇನೆ, ಸುಧಾರಿಸುತ್ತಿದ್ದಾರೆ. ಹೋಗುವಾಗ ಪ್ಲಾಸ್ಟಿಕ್ ಕವರ್ ವಾಪಸ್ ಕೊಟ್ಟೆ. "ಒಂದು ಜೆರಾಕ್ಸಾದ್ರೂ ಇಟ್ಕಳಿ ಸಾ" ಅಂದರು.

ನಿಮ್ಮ ಊರಿನ ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಏನು ಕೇಳುತ್ತಾರೆ?