ಲೇಸರ್ ಮಂತ್ರದಂಡವೇ?
‘ಲೇಸರ್ ಚಿಕಿತ್ಸೆ’ ಎಂಬ ಫಲಕವನ್ನು ಕಂಡೊಡನೆ ರೋಗಿಯ ಮನಸ್ಸು ಅತ್ತ ಒಲಿಯುವುದು ಸಹಜ. 1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. 1970ರ ದಶಕದಲ್ಲಿ ವೈದ್ಯರು ನಿಯೋಡಿಮಿಯಂ-ಯಾಗ್ ಲೇಸರಿನ ಕಿರಣವನ್ನು ತೆಳುವಾದ ಗಾಜಿನೆಳೆಯ ಮೂಲಕ ಜಠರದೊಳಕ್ಕೆ ಹಾಯಿಸಿ, ಅದರ ಶಾಖದಿಂದ ಹುಣ್ಣಿನ ರಕ್ತಸ್ರಾವವನ್ನು ತಡೆದರು. ಹಲವರಿಗೆ ಉದರವನ್ನು ಸೀಳುವ ಕಷ್ಟ ತಪ್ಪಿತು. ಇದು ನಿಜವಾದ ಸಾಧನೆಯೇ ಸರಿ. ಆದರೆ ರಕ್ತವನ್ನು ತಡೆದದ್ದು ಶಾಖವಷ್ಟೆ. ಮುಂದೆ ವಿದ್ಯುತ್ತಿನಿಂದ ಕಾಯುವ ಶಲಾಕೆಯೂ ಪುಟ್ಟ ಲೋಹದ ಕ್ಲಿಪ್ಪುಗಳೂ ಅದೇ ಕಾರ್ಯವನ್ನು ಕಡಿಮೆ ವೆಚ್ಚದಲ್ಲಿ ಸಾಧಿಸಲು, ಲೇಸರು ಅಲ್ಲಿಂದ ಹಿಂದೆ ಸರಿಯಿತು. ಪಿತ್ತನಾಳದ ದೊಡ್ಡ ಕಲ್ಲುಗಳನ್ನು ಒಡೆಯಲು ಹೋಲ್ಮಿಯಂ ಲೇಸರು ಇಂದಿಗೂ ಉಪಯುಕ್ತವಾಗಿದೆ. ಆದುದರಿಂದ ವಿದ್ಯಾರ್ಥಿಮಿತ್ರರು ಉಪಕರಣದ ಹೆಸರಿಗೆ ಮಾರುಹೋಗದೆ, ಈ ರೋಗಕ್ಕೆ ಇದರಿಂದ ಅಧಿಕ ಗುಣವುಂಟೇ, ಅದಕ್ಕೆ ಪ್ರಯೋಗದ ಆಧಾರವೇನು ಎಂದು ಪ್ರಶ್ನಿಸುವುದನ್ನು ರೂಢಿಸಿಕೊಳ್ಳಬೇಕು.