‘ಹಾಳು’ ಎಂಬ ಶಬ್ದದ ವಿಚಾರ

ಹಂಪೆಯನ್ನು ಕುರಿತು ಭಾಷಣ ಮಾಡುವವರೂ ಪ್ರಬಂಧ ಬರೆಯುವ ವಿದ್ಯಾರ್ಥಿಗಳೂ 1565ರ ರಕ್ಕಸತಂಗಡಿ ಯುದ್ಧದ ತರುವಾಯ ನಡೆದ ವಿನಾಶವನ್ನು ‘ಪ್ರಳಯ’ವೆಂದು ವರ್ಣಿಸುವುದುಂಟು. ಶಬ್ದವೇನೋ ಗಂಭೀರವಾಗಿದೆ, ಆದರೆ ಇಲ್ಲಿ ಅದು ಸಲ್ಲದೆಂದು ನನ್ನ ಅಭಿಪ್ರಾಯ.

ಸಂಸ್ಕೃತದ ‘ಪ್ರಲಯ’ವೇ ಕನ್ನಡದಲ್ಲಿ ಪ್ರಳಯ. ಅದಕ್ಕೆ ಮೂಲವಾದ ‘ಲೀ’ ಧಾತುವಿಗೆ ಕರಗು, ಅಡಗು, ಒಂದಾಗು ಎಂದರ್ಥವೇ ಹೊರತು ಒಡೆ, ಸುಡು ಎಂದಲ್ಲ. ಪುರಾಣಗಳು ನಿತ್ಯ, ನೈಮಿತ್ತಿಕ, ಪ್ರಾಕೃತಿಕ, ಆತ್ಯಂತಿಕ ಎಂದು ನಾಲ್ಕು ಬಗೆಯ ಪ್ರಳಯವನ್ನು ಹೇಳಿ, ಕೊನೆಯದನ್ನು ಮೋಕ್ಷವೆಂದೇ ಗಣಿಸುತ್ತವೆ. ಜಗತ್ತು ಎಲ್ಲಿ ಲಯ ಹೊಂದಿ, ಮತ್ತೆ ಎಲ್ಲಿಂದ ಹೊರಹೊಮ್ಮುವುದೋ ಅದೇ ಲಿಂಗವೆಂಬ ಶೈವಶಾಸ್ತ್ರಜ್ಞರ ನಿರ್ವಚನ ಮಠದ ಆಶ್ರಯದಲ್ಲಿ ಓದುವ ಮಕ್ಕಳಿಗೆ ಹೊಸದಲ್ಲ. ಅಂತಹ ಶಬ್ದವನ್ನು ಕೊಳ್ಳೆಗೆ ಅನ್ವಯಿಸುವುದೆಂತು?

ನಮ್ಮ ಹಳ್ಳಿಗರು ಪಂಡಿತರಿಗಿಂತ ಸರಿಯಾಗಿ ನುಡಿದಿದ್ದಾರೆ: ‘ಹಾಳು ಹಂಪೆ’. ಹಾಳು ಅಚ್ಚಗನ್ನಡ ಶಬ್ದ. ಹಳಗನ್ನಡದಲ್ಲಿ ಅದು ‘ಪಾೞ್’. ತಮಿಳಿನಲ್ಲಿ ಇಂದಿಗೂ ಪಾೞ್, ತೆಲುಗಿನಲ್ಲಿ ಪಾಡು. ಆದಿಯ ಪಕಾರವು ಹಕಾರವಾಗಿ, ಕೇಶಿರಾಜನು ‘ರಳ’ವೆಂದು ಹೆಸರಿಸಿದ ೞಕಾರವು ಳಕಾರವಾಗಿ ಹಾಳು ಎಂದಾಯಿತು. ಪಂಪೆಯು ಹಂಪೆಯಾದದ್ದೂ ಇದೇ ಪಕಾರ–ಹಕಾರಗಳ ಮಾರ್ಪಾಟಿನಿಂದ. ಎರಡು ಶಬ್ದಗಳೂ ಒಂದೇ ದಾರಿಯಲ್ಲಿ ನಡೆದುಬಂದು ಜೊತೆಗೂಡಿವೆ!

ಪಾೞ್ ಎಂಬುದರ ಹಳೆಯ ಅರ್ಥ ಜನವಸತಿಯಿಲ್ಲದ ಬರಿದಾದ ನೆಲ. ಉಳುವವರಿಲ್ಲದ ಹೊಲವನ್ನೂ ಪೂಜೆ ನಿಂತ ಗುಡಿಯನ್ನೂ ‘ಪಾಳುಬಿದ್ದಿದೆ’ ಎನ್ನುವಲ್ಲಿ ಆ ಅರ್ಥವೂ ಪಕಾರವೂ ಉಳಿದಿವೆ; ‘ಹಾಳು’ ಎಂಬ ರೂಪ ಕೆಡುಕಿನ ಕಡೆಗೆ ಹೆಚ್ಚು ವಾಲಿತು. ವಿಜಯನಗರಕ್ಕೆ ಎರಡೂ ಒದಗಿದವು. ಗೆದ್ದವರ ಸೈನ್ಯ ಪಟ್ಟಣವನ್ನು ಮುಟ್ಟುವ ಮೊದಲೇ ರಾಮರಾಯನ ತಮ್ಮನಾದ ತಿರುಮಲನು ಸದಾಶಿವರಾಯನನ್ನೂ ಭಂಡಾರವನ್ನೂ ಕೊಂಡು ಪೆನುಗೊಂಡೆಗೆ ಹೊರಟುಹೋದನು. ಬಂದವರು ಹಾಳುಮಾಡಿದರು; ಕಾಯಬೇಕಾದವರು ಬಿಟ್ಟುಹೋದದ್ದರಿಂದ ಪಾಳುಬಿದ್ದಿತು. ಪ್ರಳಯವೆಂದುಬಿಟ್ಟರೆ ಈ ಇಬ್ಬರೂ ಮರೆಯಾಗುತ್ತಾರೆ.

ವ್ಯಾಕರಣವೂ ಇದನ್ನೇ ಹೇಳುತ್ತದೆ. ಪ್ರಳಯ ‘ಆಗು’ತ್ತದೆ, ಅಷ್ಟೆ. ‘ಹಾಳುಮಾಡು’ ಎಂದೊಡನೆ ಕರ್ತೃಪದವನ್ನು ಹುಡುಕಬೇಕಾಗುತ್ತದೆ. ಅಕ್ರಮ ಗಣಿಗಾರಿಕೆಯ ಕಾರಣ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಳನ್ನು ತಡೆಹಿಡಿದದ್ದನ್ನು ನಾವೆಲ್ಲ ಬಲ್ಲೆವು. ಸಂಡೂರಿನ ಬೆಟ್ಟಗಳು ‘ಹಾಳಾದವು’ ಎನ್ನುವುದಕ್ಕೂ ‘ಹಾಳುಮಾಡಿದರು’ ಎನ್ನುವುದಕ್ಕೂ ಇರುವ ಅಂತರವನ್ನು ಗಾದಿಗನೂರಿನವರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತು. ವಿರೂಪಾಕ್ಷನ ಪೂಜೆ ಇಂದಿಗೂ ನಡೆದಿದೆ. ಆದ್ದರಿಂದ ‘ಹಾಳು’ ಎಂಬ ವಿಶೇಷಣ ಪಟ್ಟಣಕ್ಕೆ ಸಲ್ಲುವುದೇ ಹೊರತು ಕ್ಷೇತ್ರಕ್ಕಲ್ಲ. ಪ್ರಬಂಧ ಬರೆಯುವಾಗ ವಿದ್ಯಾರ್ಥಿಗಳು ಇಷ್ಟನ್ನು ಲಕ್ಷಿಸಬೇಕು.